ಅಂಪವ್ವನ ಅಡ್ಡಹೆಸರು

ನಮ್ಮೂರಲ್ಲಿ ಬಾಗಿಲ ಮೇಲೆ ಅಡ್ಡಹೆಸರು ಬರೆಸದೆ ಯಾರೂ ಹೊಸ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ. ಬರೆಯುವವನು ನಾನು, ದ್ಯಾಮಣ್ಣ. ನನಗಿಂತ ಮೊದಲು ಅಪ್ಪ ಬರೆಯುತ್ತಿದ್ದ, ಅವನಿಗಿಂತ ಮೊದಲು ಅವನ ಅಪ್ಪ. ನಮ್ಮ ಅಡ್ಡಹೆಸರು ಬಣ್ಣದ. ನಮ್ಮ ಹಿತ್ತಿಲ ಗೋಡೆಯಿಂದ ವರ್ಷವಿಡೀ ಬಣ್ಣ ಒಸರುತ್ತದೆ. ಬೇಸಿಗೆಯಲ್ಲಿ ಹಳದಿ ಜಾಸ್ತಿ, ಚಳಿಗಾಲದಲ್ಲಿ ನೀಲಿ. ಗಡಿಗೆ ಹಿಡಿದು ತುಂಬಿಸಿಕೊಳ್ಳುತ್ತೇನೆ. ಹೆಸರು ಬರೆದ ಮೂರನೆಯ ದಿನ, ನೆರಳು ಕಾಲಡಿಗೆ ಬಂದು ನಿಲ್ಲುವ ನಡುಮಧ್ಯಾಹ್ನದ ಹೊತ್ತಿಗೆ, ಆ ಹೆಸರಿನ ಅರ್ಥ ಆ ಮನೆಗೆ ಬಂದು ಸೇರುತ್ತದೆ. ಉಪ್ಪಿನ ಎನ್ನುವವರ ಗೋಡೆಯಲ್ಲಿ ಉಪ್ಪು ಹೂಬಿಡುತ್ತದೆ. ಅದಕ್ಕೇ ಅವರು ಕಬ್ಬಿಣದ ಚಿಲಕ ಹಾಕಿಸುವುದಿಲ್ಲ. ಗಿಳಿ ಎನ್ನುವವರ ಅಂಗಳದಲ್ಲಿ ಮೆಣಸಿನಕಾಯಿ ಒಣಹಾಕುವಂತಿಲ್ಲ. ಗಂಟಿ ಎನ್ನುವವರ ಮನೆಯಲ್ಲಿ ದಿನಕ್ಕೆ ಮೂರು ಸಲ ಎಲ್ಲಿಂದಲೋ ಗಂಟೆಯ ನಾದ ಏಳುತ್ತದೆ, ಊರಿಗೆ ಊರೇ ಆ ನಾದ ಕೇಳಿ ಊಟಕ್ಕೆ ಕೂರುತ್ತದೆ.

ಮದುವೆಯಾಗಿ ಬಂದ ಹೆಣ್ಣಿಗೆ ಗಂಡನ ಅಡ್ಡಹೆಸರು ಹಿಡಿಯಲು ಒಂದು ವರ್ಷ ಬೇಕು. ನನ್ನ ಹೆಂಡತಿ ಬಸಲಿಂಗವ್ವ ಉಪ್ಪಿನವರ ಮಗಳು. ಮೊದಮೊದಲು ಅವಳು ತಟ್ಟಿದ ರೊಟ್ಟಿ ಉಪ್ಪು ಹಾಕದೆಯೇ ಉಪ್ಪಾಗಿರುತ್ತಿತ್ತು. ಒಂದು ಬೆಳಿಗ್ಗೆ ಹಿಟ್ಟು ನಾದುವಾಗ ಅವಳ ಉಗುರಿನ ಸಂದಿಯಿಂದ ಹಳದಿ ಹರಿದು ಹಿಟ್ಟೆಲ್ಲ ಅರಿಸಿನವಾಯಿತು. ಅವಳು ಅತ್ತಳು, ಆಮೇಲೆ ನಕ್ಕಳು, ಆ ಹಳದಿ ರೊಟ್ಟಿಯನ್ನು ಓಣಿಗೆಲ್ಲ ಹಂಚಿದಳು. ಮಕ್ಕಳ ಮಾತು ಬೇರೆ. ಹುಟ್ಟಿದ ಮಕ್ಕಳಿಗೆ ಏಳು ವರ್ಷ ತುಂಬುವುದರೊಳಗೆ ಹೆಸರು ಹಿಡಿಯಬೇಕು. ಹಿಡಿಯದಿದ್ದರೆ ಏನು ಎಂಬ ಮಾತನ್ನು ನಮ್ಮೂರಲ್ಲಿ ಯಾರೂ ಎತ್ತುತ್ತಿರಲಿಲ್ಲ. ನಾನೂ ಎತ್ತಿರಲಿಲ್ಲ, ಆ ಹೆಂಗಸು ಬರುವವರೆಗೆ.

ಅವಳು ಬಂದದ್ದು ಯಮನಪ್ಪ ಗಾಳಿಯ ಹೆಂಡತಿಯಾಗಿ. ಯಮನಪ್ಪ ಇಪ್ಪತ್ತೆರಡನೇ ವಯಸ್ಸಿಗೆ ಊರು ಬಿಟ್ಟು ಹಡಗು ಸೇರಿದವನು, ಮತ್ತೆ ಬರಲಿಲ್ಲ. ಅವನ ಹಿರಿಯರೂ ತೀರಿಕೊಂಡ ಮೇಲೆ ಆ ಮನೆಯ ಗಾಳಿ ದಿನದಿನಕ್ಕೆ ಸಣ್ಣಗಾಗಿ, ಕಡೆಗೆ ಜೇಡರ ಬಲೆ ಕೂಡ ಅಲುಗದಂತಾಗಿತ್ತು. ಒಂದು ದಿನ ಬಸ್ಸಿನಿಂದ ಅರವತ್ತರ ಹತ್ತಿರದ ಹೆಂಗಸೊಬ್ಬಳು ಒಂದು ತಗಡಿನ ಪೆಟ್ಟಿಗೆ ಹಿಡಿದು ಇಳಿದಳು. ಬಿಳಿ ಕೂದಲು, ಗಂಡಸರದಂಥ ದಪ್ಪ ಬೂಟು. ಕಟ್ಟೆಯ ಮೇಲೆ ಕೂತಿದ್ದ ನಮ್ಮನ್ನು ನೋಡಿ, "ಏನ್ಲೇ ದೋಸ್ತ, ಯಮನ್ಯಾನ ಮನಿ ಯಾವ ಕಡೆ ಐತಿ?" ಎಂದಳು.

ನಾವು ದಂಗಾದೆವು. ಅವಳ ದೇಶ ಸ್ಪೇನ್. ಕನ್ನಡವನ್ನು ಗಂಡನೊಬ್ಬನ ಬಾಯಿಂದಲೇ ಕಲಿತಿದ್ದಳು, ಮೂವತ್ತೊಂದು ವರ್ಷ. ಹಾಗಾಗಿ ಅವಳ ಬಾಯಲ್ಲಿ ನಮ್ಮೂರ ಹುಡುಗರು ನಾವು ಚಿಕ್ಕವರಿದ್ದಾಗ ಆಡುತ್ತಿದ್ದ ಮಾತು, ಬೈಗುಳದ ಸಮೇತ, ಹಾಗೇ ಉಳಿದಿತ್ತು. ಯಮನಪ್ಪ ತೀರಿಕೊಂಡು ಆರು ತಿಂಗಳಾಗಿತ್ತಂತೆ. "ಸಾಯೋಮುಂದ ನಮ್ಮ ಮನ್ಯಾಗ ದೀಪಾ ಹಚ್ಚು ಅಂದ. ಹಚ್ಚಾಕ ಬಂದೇನಿ," ಎಂದಳು. ಅವಳ ಹೆಸರು ಆಂಪಾರೊ. ಸಂಜೆಯೊಳಗೆ ಊರಿನ ಹೆಂಗಸರು ಅದನ್ನು ಅಂಪವ್ವ ಮಾಡಿಕೊಂಡರು.

ಮರುದಿನ ನಾನು ಬಣ್ಣ, ಕುಂಚ ತಗೊಂಡು ಹೋದೆ. ಬಾಗಿಲ ಮೇಲೆ ಗಾಳಿ ಎಂಬ ಅಕ್ಷರ ಮಾಸಿತ್ತು. ಅದನ್ನೇ ತಿದ್ದಿ ಬರೆಯುತ್ತೇನೆ ಅಂದುಕೊಂಡೆ.

"ಅದು ಅವನ ಹೆಸರು," ಎಂದಳು ಅಂಪವ್ವ. "ಅದರ ಕೆಳಗ ನನ್ನದು ಬರಿ."

"ಗಂಡನ ಹೆಸರ ನಿಮ್ಮದಲ್ಲೇನ್ರಿ?"

"ನಮ್ಮ ಕಡೆ ಲಗ್ನ ಆದ್ರ ಹೆಣ್ಣುಮಕ್ಕಳು ಹೆಸರು ಬದಲು ಮಾಡೂದಿಲ್ಲೋ. ಅಪ್ಪಂದೊಂದು, ಅವ್ವಂದೊಂದು, ಹುಟ್ಟಿದಾಗಿಂದ ಸಾಯೋತನಕ. ನಮ್ಮಪ್ಪಂದು ಬರಿ ಸಾಕು. ಎಸ್ಪೊಸಿತೊ."

ಅವಳಿಂದ ಮೂರು ಸಲ ಹೇಳಿಸಿಕೊಂಡೆ. ಬರೆಯುವ ಮೊದಲು ಅರ್ಥ ಕೇಳುವುದು ನಮ್ಮ ಮನೆತನದ ಪದ್ಧತಿ, ಯಾಕೆಂದರೆ ಮುಂದೆ ಏನು ಬರುತ್ತದೋ ಅದಕ್ಕೆ ಮನೆಯವರು ಅಣಿಯಾಗಬೇಕಲ್ಲ. ಕೇಳಿದೆ. ಅವಳು ಬೂಟಿನ ದಾರ ಕಟ್ಟುತ್ತ, "ಅರ್ಥ ಗಿರ್ಥ ಏನಿಲ್ಲ, ಹೆಸರು ಅಷ್ಟ," ಎಂದಳು. ಅವಳು ಮುಖ ತಗ್ಗಿಸಿ ಹೇಳಿದ್ದು ನನಗೆ ಗೊತ್ತಾಯಿತು. ಆದರೂ ಒತ್ತಾಯ ಮಾಡದೆ ಬರೆದುಬಿಟ್ಟೆ.

ಅರ್ಥ ತಿಳಿಯದ ಹೆಸರು ನಮ್ಮೂರ ಬಾಗಿಲಿಗೆ ಏರಿದ್ದು ಅದೇ ಮೊದಲು. ಮೂರನೆಯ ದಿನ ಮಧ್ಯಾಹ್ನ ಆ ಓಣಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಕೆಲವರು ಹೂವು ಅಂದರು, ಕೆಲವರು ಮೀನು. ಗಿಳಿ ಹನಮಪ್ಪ, ಅವನದು ಯಾವಾಗಲೂ ತಮಾಷೆ, "ಹುಲಿಗಿಲಿ ಅಂತ ಅರ್ಥ ಇದ್ರ ಏನ ಗತಿ?" ಎಂದು ಎಲ್ಲರನ್ನೂ ನಗಿಸಿದ. ನೆರಳು ಕುಗ್ಗಿ ಕಾಲಡಿಗೆ ಬಂತು. ಏನೂ ಆಗಲಿಲ್ಲ. ಗೋಡೆ ಗೋಡೆಯೇ, ಮಾಡು ಮಾಡೇ. ಆಮೇಲೆ ಯಾರೋ ಒಬ್ಬರು, "ಆ ಮಣಿ ಮೊದಲ ಇತ್ತೇನು?" ಎಂದರು.

ಬಾಗಿಲ ಹೊರಗಿನ ಮೆಟ್ಟಿಲ ಮೇಲೆ ಒಂದು ಮಣೆ ಇತ್ತು. ಒಂದು ಕಾಲು ಮುರಿದದ್ದು, ಹಳೆಯದು. ಯಾರೂ ಅದನ್ನು ಇಟ್ಟಿರಲಿಲ್ಲ. ನೂರು ಜೋಡಿ ಕಣ್ಣು ಆ ಮೆಟ್ಟಿಲನ್ನೇ ನೋಡುತ್ತಿದ್ದವು, ಆದರೂ ಅದು ಬಂದದ್ದು ಯಾರ ಕಣ್ಣಿಗೂ ಬೀಳಲಿಲ್ಲ. ಇಲ್ಲದ್ದು ಇತ್ತು, ಅಷ್ಟೇ. ಹಾಗಾದರೆ ಅವಳ ಹೆಸರಿನ ಅರ್ಥ ಮಣೆ ಎಂದು ತೀರ್ಮಾನವಾಯಿತು. ಕೆಲವರಿಗೆ ನಿರಾಸೆಯಾಯಿತು. ಅಂಪವ್ವ ಮಾತ್ರ ಮಣೆಯನ್ನು ನೋಡಿ ಬಣ್ಣಗೆಟ್ಟು, ಅದನ್ನು ಎತ್ತಿಕೊಂಡು ಒಳಗೆ ಹೋದಳು.

ಮರುದಿನ ಅದೇ ಹೊತ್ತಿಗೆ ಮೆಟ್ಟಿಲ ಮೇಲೆ ಒಂದು ನಾಯಿ ಕೂತಿತ್ತು. ಕಂದು ಬಣ್ಣದ್ದು, ಒಂದು ಕಿವಿ ಹರಿದದ್ದು. ಜನ ಹೋ ಎಂದರು. ಹನಮಪ್ಪ ನಗುತ್ತ ಏನೋ ಹೇಳಲು ಬಾಯಿ ತೆರೆದವನು ಹಾಗೇ ನಿಂತ. ನಾಯಿ ಅವನನ್ನು ಕಂಡಿತು. ಎದ್ದು, ಜನರ ಕಾಲುಗಳ ನಡುವೆ ನುಸುಳಿ ಹೋಗಿ, ಅವನ ಪಾದ ಮೂಸಿ, ಬಾಲ ಅಲ್ಲಾಡಿಸುತ್ತ ಇಡೀ ಮೈ ಕುಣಿಸಿತು. ಹನಮಪ್ಪ ರಸ್ತೆಯಲ್ಲೇ ಕುಸಿದು ಕೂತ. ಮೂರು ವರ್ಷದ ಹಿಂದೆ, ಗಿಳಿಗಳನ್ನು ಅಟ್ಟುತ್ತದೆ ಎಂದು, ಅದನ್ನು ಚೀಲದಲ್ಲಿ ಕಟ್ಟಿ ಹೊಳೆ ದಾಟಿಸಿ ಬಿಟ್ಟು ಬಂದಿದ್ದನಂತೆ. "ಸಿಟ್ಟ ಇಲ್ಲಲ್ಲೋ ಇದಕ್ಕ," ಎನ್ನುತ್ತಿದ್ದ, "ಸಿಟ್ಟ ಇಲ್ಲಲ್ಲೋ." ನಾಯಿ ಅವನ ಕಣ್ಣೀರು ನೆಕ್ಕುತ್ತಿತ್ತು. ಯಾರೂ ನಗಲಿಲ್ಲ.

ಆಮೇಲೆ ದಿನವೂ ಏನಾದರೊಂದು ಬರುತ್ತಿತ್ತು. ಒಡೆದ ಬೀಸುವ ಕಲ್ಲು. ಒಂದು ಕಣ್ಣಿಲ್ಲದ ಎತ್ತು, ಅದನ್ನು ಬೆಟ್ಟದ ದಾರಿಯಲ್ಲಿ ಬಿಟ್ಟು ಬಂದವನು ಈಗ ಅದರ ಕೊರಳು ತಬ್ಬಿ ಮನೆಗೆ ಕರೆದುಕೊಂಡು ಹೋದ. ಒಂದು ದಿನ ತಂತಿ ಹರಿದ ತಂಬೂರಿ ಬಂತು. ಅದನ್ನು ನೋಡಿ ಒಬ್ಬ ಮುದುಕಿ, ಮದುವೆಯಾಗುವಾಗ ಹಾಡು ಬಿಡಬೇಕು ಎಂದಿದ್ದರು, ಬಾವಿಗೆ ಎಸೆದಿದ್ದೆ, ಎಂದು ಸುಮ್ಮನೆ ಹೇಳಿ, ಎದೆಗೆ ಒತ್ತಿಕೊಂಡು ಹೋದಳು. ಊರಿನ ಗದ್ದಲ ದಿನದಿನಕ್ಕೆ ಇಳಿಯಿತು. ಮಧ್ಯಾಹ್ನ ಆ ಓಣಿಗೆ ಬರುವವರು ಚಪ್ಪಲಿ ಕಳಚಿ ಬರತೊಡಗಿದರು. ಮಣೆ ಎಂಬ ಅರ್ಥ ಯಾವತ್ತೋ ಬಿದ್ದುಹೋಗಿತ್ತು. ನಾವು ಬಿಟ್ಟು ಬಂದದ್ದು ಇಲ್ಲಿಗೆ ಬರುತ್ತದೆ ಎಂದು ಎಲ್ಲರಿಗೂ ತಿಳಿದಿತ್ತು. ಯಾರೂ ಅದನ್ನು ಬಾಯಿಬಿಟ್ಟು ಹೇಳಲಿಲ್ಲ, ಯಾಕೆಂದರೆ ಹೇಳಿದರೆ ಮುಂದಿನ ಮಾತೂ ಹೇಳಬೇಕಾಗುತ್ತಿತ್ತು.

ಆ ಮುಂದಿನ ಮಾತು ಇದು. ನನಗೊಬ್ಬ ತಂಗಿಯಿದ್ದಳು, ನಿಂಬೆವ್ವ. ನನಗಿಂತ ಎರಡು ವರ್ಷ ಚಿಕ್ಕವಳು. ಅವಳಿಗೆ ಏಳು ತುಂಬಿದರೂ ಕೈಗೆ ಬಣ್ಣ ಹತ್ತಲಿಲ್ಲ. ಅಪ್ಪ ಅವಳ ಬೆರಳುಗಳನ್ನು ಒಂದೊಂದೇ ಗಡಿಗೆಯಲ್ಲಿ ಅದ್ದಿ ನೋಡಿದ. ಕೆಂಪು, ನೀಲಿ, ಹಳದಿ, ಎಲ್ಲವೂ ಕಮಲದ ಎಲೆಯ ಮೇಲಿನ ನೀರಿನಂತೆ ಜಾರಿ ಬಿದ್ದವು. ಅಪ್ಪ ಅವ್ವನ ಕಡೆ ಒಂದು ನೋಟ ನೋಡಿದ. ಅವತ್ತಿನಿಂದ ಒಂದು ತಿಂಗಳು ಅವ್ವ ಅಡುಗೆಮನೆಯಿಂದ ಹೊರಗೆ ಬರಲಿಲ್ಲ. ಹೆಸರು ಹಿಡಿಯದ ಮಗು ಮನೆಯಲ್ಲಿದ್ದರೆ ಮನೆಯ ಹೆಸರೇ ಒಣಗುತ್ತದೆ ಎಂಬ ನಂಬಿಕೆ ನಮ್ಮೂರಲ್ಲಿತ್ತು. ಅಂಥ ಮಕ್ಕಳನ್ನು ದೂರದ ರೈಲ್ವೆ ಜಂಕ್ಷನ್ನಿನ ಸಂತೆಗೆ ಕರೆದುಕೊಂಡು ಹೋಗುತ್ತಿದ್ದರು. ಹೋಗುವಾಗ ಜೊತೆಗಿದ್ದ ಮಗು ಬರುವಾಗ ಇರುತ್ತಿರಲಿಲ್ಲ. ಮನೆಯವರು ಜ್ವರ ಬಂತು ಎನ್ನುತ್ತಿದ್ದರು, ಊರು ತಲೆಯಾಡಿಸುತ್ತಿತ್ತು.

ಅಪ್ಪ ಗಾಡಿ ಕಟ್ಟಿದ, ನಮ್ಮಿಬ್ಬರನ್ನೂ ಕೂರಿಸಿದ. ಸಂತೆಯಲ್ಲಿ ಹಗ್ಗ ಮಾರುವವರ ಸಾಲಿನ ಹತ್ತಿರ ನನ್ನ ಕಿವಿಯಲ್ಲಿ ಹೇಳಿದ: ಇಲ್ಲೇ ಕೂರಿಸು, ಎತ್ತು ಕಟ್ಟಿ ಬರ್ತೀವಿ ಅನ್ನು, ನನ್ನ ಮಾತು ಅವಳು ನಂಬೋದಿಲ್ಲ. ನಾನು ಹೇಳಿದೆ. ಅವಳು ನನ್ನ ಕೈ ಹಿಡಿದಿದ್ದಳು, ಬಿಡಿಸಿಕೊಂಡೆ. ಸ್ವಲ್ಪ ದೂರ ಹೋಗಿ ತಿರುಗಿ ನೋಡಿದೆ. ನೋಡಲಿಲ್ಲ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡಿದ್ದೆ, ಅದು ಸುಳ್ಳು. ನೋಡಿದೆ. ಅವಳೂ ನನ್ನನ್ನೇ ನೋಡುತ್ತ ಕೈ ಬೀಸಿದಳು. ಆಗ ನನಗೆ ಒಂಬತ್ತು. ಈಗ ಐವತ್ತೆಂಟು.

ತಂಬೂರಿ ಬಂದ ಮರುದಿನ ಚೆನಮಲ್ಲಪ್ಪ ಗಂಟಿ ನನ್ನನ್ನು ಕರೆಸಿದ. ಊರಿನ ಹಿರಿಯ, ಎಂಬತ್ತರ ಮೇಲಿನವನು, ಈಗಲೂ ಬೆನ್ನು ಬಾಗಿಲ್ಲ. ಜಗಲಿಯ ಮೇಲೆ ಕೂತಿದ್ದ. ಅವನ ಹೆಂಡತಿ ಶಿವಗಂಗವ್ವ ಬಾಗಿಲ ಮರೆಯಲ್ಲಿ ನಿಂತಿದ್ದಳು.

"ಆ ಹೆಸರು ಕೆರದು ಹಾಕು," ಎಂದ.

"ಬರದ ಹೆಸರು ಕೆರದ ಪದ್ಧತಿ ಇಲ್ಲರಿ ನಮ್ಮ ಮನ್ಯಾಗ."

"ಅರ್ಥ ತಿಳಿಯದ ಹೆಸರು ಬರದ ಪದ್ಧತಿನೂ ಇರಲಿಲ್ಲ." ದನಿ ತಗ್ಗಿಸಿದ. "ಇವತ್ತ ನಾಯಿ ಬಂತು, ಎತ್ತು ಬಂತು. ದ್ಯಾಮಣ್ಣ, ನಿಮ್ಮ ಮನ್ಯಾಗಿಂದೂ ಗಾಡಿ ಹೋಗಿತ್ತು, ನಮ್ಮ ಮನ್ಯಾಗಿಂದೂ ಹೋಗಿತ್ತು. ನಾಳೆ ಏನ ಬರತೈತಿ ಅನ್ನೂದು ನಿನಗೂ ಗೊತ್ತೈತಿ. ಬಂದು ನಿಂತ್ರ ಏನಂತೀ? ನನಗಂತೂ ಅನ್ನಾಕ ಮಾತಿಲ್ಲ."

ಅವನ ಮಗ ಸೋಮಲಿಂಗನಿಗೆ ಗಂಟೆಯ ನಾದ ಕೇಳಿಸುತ್ತಿರಲಿಲ್ಲ. ಊರಿಗೆಲ್ಲ ಕೇಳಿಸುವುದು ಮನೆಯ ಹುಡುಗನಿಗೇ ಕೇಳಿಸುತ್ತಿರಲಿಲ್ಲ. ನಾನು ಎದ್ದು ಬಂದೆ. ಸತ್ಯ ಹೇಳಬೇಕೆಂದರೆ ನನಗೂ ಹೆದರಿಕೆಯಿತ್ತು. ಸೀಮೆಎಣ್ಣೆ, ಚಿಂದಿಬಟ್ಟೆ ತಗೊಂಡು ಅಂಪವ್ವನ ಮನೆಗೆ ಹೋದೆ.

ಅವಳು ಅದೇ ಮೆಟ್ಟಿಲ ಮೇಲೆ ಕೂತು ಆ ಮುರುಕು ಮಣೆಗೆ ಹೊಸ ಕಾಲು ಕೆತ್ತುತ್ತಿದ್ದಳು. ಸೀಮೆಎಣ್ಣೆಯ ವಾಸನೆ ಬಂದದ್ದೇ ನಾನು ಯಾಕೆ ಬಂದೆನೆಂದು ಅವಳಿಗೆ ತಿಳಿಯಿತು.

"ಕೆರಿತೀ? ಕೆರಿ," ಎಂದಳು. "ನಾನೂ ಸಣ್ಣಾಕಿದ್ದಾಗ ಸಾಲ್ಯಾಗ ನನ್ನ ಪುಸ್ತಕದ ಮ್ಯಾಲಿಂದ ದಿನಾ ಕೆರಿತಿದ್ದೆ. ಅವತ್ತ ನಿನಗ ಸುಳ್ಳು ಹೇಳಿದೆ, ದ್ಯಾಮಣ್ಣ. ಅದಕ್ಕ ಅರ್ಥ ಐತಿ."

ನಾನು ಎದುರಿಗೆ ನೆಲದ ಮೇಲೆ ಕೂತೆ.

"ನಮ್ಮ ದೇಶದಾಗ ಹಿಂದಕ ದೊಡ್ಡ ಊರುಗಳಾಗ ಅನಾಥ ಮಕ್ಕಳ ಮನಿ ಇರ್ತಿದ್ವು. ಸನ್ಯಾಸಿನಿಯರು ನೋಡ್ಕೋತಿದ್ರು. ಆ ಮನಿ ಗ್ವಾಡ್ಯಾಗ ಒಂದು ಮರದ ಪೀಪಾಯಿ, ಅರ್ಧ ಹೊರಗ, ಅರ್ಧ ಒಳಗ, ಗಿರಿಗಿರಿ ತಿರುಗೋ ಹಂಗ. ಸಾಕಾಕ ಆಗದಾಕಿ ಬಂದು ಕೂಸನ್ನ ಅದರಾಗ ಮಲಗಿಸಿ, ತಿರುಗಿಸಿ, ಗ್ವಾಡಿ ಬಡದು ಹೋಗಿಬಿಡ್ತಿದ್ಲು. ಒಳಗಿನಾಕಿ ಹೊರಗಿನಾಕಿ ಮಾರಿ ನೋಡಬಾರದು, ಅದಕ್ಕ ಹಂಗ ಮಾಡಿದ್ರು. ಒಳಗ ಬಂದ ಕೂಸಿಗೆ ಅಪ್ಪನ ಹೆಸರಿಲ್ಲ, ಅವ್ವನ ಹೆಸರಿಲ್ಲ. ಪುಸ್ತಕದಾಗ ಏನರ ಬರೀಬೇಕಲ್ಲ? ಎಸ್ಪೊಸಿತೊ ಅಂತ ಬರೀತಿದ್ರು. ಲ್ಯಾಟಿನ್ ಮಾತಿನಿಂದ ಬಂದದ್ದದು. ಹೊರಗ ಇಟ್ಟದ್ದು ಅಂತ ಅರ್ಥ. ಹೊರಗ ಇಟ್ಟ ಕೂಸು. ಎಷ್ಟೋ ಸಾವಿರ ಕೂಸುಗಳಿಗೆ ಅದ ಒಂದ ಹೆಸರು. ಅವು ದೊಡ್ಡವಾದ್ವು, ಮಕ್ಕಳಾದ್ರು, ಮೊಮ್ಮಕ್ಕಳಾದ್ರು, ಹೆಸರು ಹಂಗ ಬಂತು. ನಮ್ಮಜ್ಜ ಅಂಥಾ ಕೂಸು."

ಉಳಿ ಕೆಳಗಿಟ್ಟು ಬೆರಳಿನ ಧೂಳು ಒರೆಸಿಕೊಂಡಳು.

"ಆ ಹೆಸರು ಹೇಳಿದ್ರ ಸಾಕು, ಇವರ ವಂಶ ಎಂಥಾದ್ದು ಅಂತ ಮಂದಿಗೆ ಗೊತ್ತಾಗ್ತಿತ್ತು. ನಗ್ತಿದ್ರು. ಆಮ್ಯಾಲ ಸರಕಾರ ಒಂದು ಕಾನೂನು ತಂತು, ಈ ಹೆಸರು ಬ್ಯಾಡಾದವರು ಬದಲಿ ಮಾಡಿಸ್ಕೋಬಹುದು ಅಂತ. ಭಾಳ ಮಂದಿ ಮಾಡಿಸಿದ್ರು. ನಮ್ಮಜ್ಜನೂ ಇದ್ದ ಒಂದ ಚೊಲೊ ಅಂಗಿ ಹಾಕ್ಕೊಂಡು ಹೋದ, ಪಾಳಿ ಹಚ್ಚಿದ. ಪಾಳಿ ಬಂತು. ಗುಮಾಸ್ತ ಕೇಳಿದ, ಯಾವ ಹೆಸರು ಬರೀಲಿ ಅಂತ. ನಮ್ಮಜ್ಜ ಅಂದ್ನಂತ, 'ನನ್ನ ಹೊರಗ ಇಟ್ಟಾಕಿ ಎಂದರ ಒಂದಿನ ಹುಡುಕ್ಕೋತ ಬಂದ್ರ ಯಾವ ಹೆಸರು ಕೇಳ್ತಾಳ? ಇದನ್ನ ಕೇಳ್ತಾಳ. ಇದ ಇರಲಿ.' ಹಂಗ ಮನಿಗೆ ತಿರುಗಿ ಬಂದ."

"ಬಂದ್ಲೇನ್ರಿ ಆಕಿ?"

"ಇಲ್ಲಪ. ಎಂಬತ್ತೊಂದಕ್ಕ ಸತ್ತ. ಅಷ್ಟೂ ವರ್ಷ ತಲಿಬಾಗಲಕ್ಕ ಅಗಳಿ ಹಾಕಲಿಲ್ಲ."

ನಾನು ಬಾಗಿಲ ಮೇಲಿನ ನನ್ನದೇ ಅಕ್ಷರ ನೋಡಿದೆ. ನಲವತ್ತು ವರ್ಷದಿಂದ ಹೆಸರು ಬರೆದಿದ್ದೇನೆ. ಹೆಸರೆಂದರೆ ಮನೆಯೊಳಗೆ ಇರುವವರನ್ನು ಗುರುತಿಸುವುದು ಎಂದುಕೊಂಡಿದ್ದೆ. ಹೊರಗೆ ಉಳಿದವರಿಗೆ ದಾರಿ ತೋರಿಸುವ ಹೆಸರೂ ಒಂದು ಇರಬಹುದೆಂದು ತಲೆಗೆ ಹೊಳೆದಿರಲಿಲ್ಲ. ಸೀಮೆಎಣ್ಣೆಯ ಡಬ್ಬಿ ಎತ್ತಿಕೊಂಡು ಮನೆಗೆ ಬಂದೆ. ಬಸಲಿಂಗವ್ವನಿಗೆ ಮದುವೆಯಾಗಿ ಮೂವತ್ತು ವರ್ಷವಾದ ಮೇಲೆ ಮೊದಲ ಸಲ ನಿಂಬೆವ್ವನ ಮಾತು ಹೇಳಿದೆ. ಅವಳು ಪೂರ್ತಿ ಕೇಳಿ, "ನಮ್ಮ ತವರಿನಿಂದನೂ ಒಬ್ಬ ಹೋಗಿದ್ದ," ಎಂದಷ್ಟೇ ಹೇಳಿದಳು.

ಮರುದಿನ ಮಧ್ಯಾಹ್ನ ಅಂಪವ್ವನ ಮನೆಯೆದುರು ಶಿವಗಂಗವ್ವ ನಿಂತಿದ್ದಳು. ಗಂಡನ ಮಾತು ಮೀರಿ ಅವಳು ಹೊಸ್ತಿಲು ದಾಟಿದ್ದನ್ನು ಅದುವರೆಗೆ ಯಾರೂ ಕಂಡವರಿಲ್ಲ. ಆ ದಿನ ಏನೂ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಅವಳು ದಿನಾ ಬಂದು, ನೆರಳು ಮತ್ತೆ ಉದ್ದವಾಗುವವರೆಗೆ ನಿಂತು ಹೋಗುತ್ತಿದ್ದಳು. ನಾನೂ ನಿಲ್ಲುತ್ತಿದ್ದೆ. ಬಸಲಿಂಗವ್ವ ಬಂದಳು, ಇನ್ನೂ ನಾಲ್ಕೈದು ಮನೆಯವರು ಬಂದರು. ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಅಂಪವ್ವ ಎಲ್ಲರಿಗೂ ನೀರು ಕೊಟ್ಟು ತಾನೂ ನಿಲ್ಲುತ್ತಿದ್ದಳು. ಹೀಗೆ ಇಪ್ಪತ್ತು ದಿನ.

ಇಪ್ಪತ್ತೊಂದನೆಯ ದಿನ ನಮ್ಮೂರಿಗೆ ಎಂದೂ ಬಾರದ ಒಂದು ಬಸ್ಸು ಬಂದು ಕಟ್ಟೆಯ ಹತ್ತಿರ ನಿಂತಿತು. ಡ್ರೈವರ್ ಕೆಳಗಿಳಿದು, ತಾನು ಹೋಗುವ ದಾರಿಯೇ ಬೇರೆ, ಇಲ್ಲಿಗೆ ಹೇಗೆ ಬಂದೆನೋ ಗೊತ್ತಿಲ್ಲ ಎಂದು ತಲೆ ಕೆರೆದುಕೊಳ್ಳುತ್ತಿದ್ದನಂತೆ. ನಾವಿದ್ದದ್ದು ಓಣಿಯಲ್ಲಿ. ನೆರಳು ಕಾಲಡಿಗೆ ಬಂದಿತ್ತು. ಬಸ್ಸಿಳಿದ ಆ ಹೆಂಗಸು ಉಳಿದವೆಲ್ಲ ಬಂದ ಹಾಗೆ ಬರಲಿಲ್ಲ. ಓಣಿಯ ಆ ತುದಿಯಿಂದ ನಡೆದುಕೊಂಡೇ ಬಂದಳು. ಕೈಯಲ್ಲಿ ಚೀಲ, ಹಸಿರು ಸೀರೆ. ಒಂದೊಂದು ಮನೆಯ ಗೋಡೆಯನ್ನೂ ಮುಟ್ಟಿ ನೋಡುತ್ತ, ನಮ್ಮನ್ನೆಲ್ಲ ದಾಟಿ ಬಂದು, ಅಂಪವ್ವನ ಮೆಟ್ಟಿಲ ಮೇಲೆ ಕೂತು ಚಪ್ಪಲಿಯೊಳಗಿನ ಹರಳು ಕೊಡವಿಕೊಂಡಳು. ಮುಖ ಎತ್ತಿದಳು. ನನ್ನ ಅವ್ವ ಕೂತಿದ್ದಳು. ಸಾಯುವಾಗ ಅವ್ವ ಹೇಗಿದ್ದಳೋ ಅದೇ ಹಣೆ, ಅದೇ ಗಲ್ಲ.

"ಈ ಊರಾಗ ಉಪ್ಪು ಹೂ ಬಿಟ್ಟ ಗ್ವಾಡಿ ಐತಲ್ಲ," ಎಂದಳು ಅಂಪವ್ವನಿಗೆ, "ಕಿಟಕ್ಯಾಗಿಂದ ನೋಡಿದೆ. ಇಳದೆ. ನಮ್ಮೂರಾಗನೂ ಹಿಂಗ ಒಂದು ಗ್ವಾಡಿ ಇತ್ತು. ಏಳು ವರ್ಷದಾಕಿಗೆ ಊರ ಹೆಸರು ಎಲ್ಲಿ ಗೊತ್ತಿರತೈತಿ? ನಮ್ಮೂರು ಅಷ್ಟ ಗೊತ್ತು. ಎಷ್ಟ ಮಂದೀನ್ನ ಕೇಳೇನಿ, ಯಾರಿಗೂ ತಿಳೀಲಿಲ್ಲ."

ನಾನು ಅವಳ ಎದುರು ಹೋದೆ.

"ನಿಂಬಿ," ಎಂದೆ.

ಅವಳು ನನ್ನನ್ನು ನೋಡಿದಳು. "ನೀ ಯಾರು?"

"ದ್ಯಾಮ. ನಿನ್ನ ಕೈ ಬಿಟ್ಟಾಂವ."

ಅವಳು ನನ್ನ ಮುಖ ನೋಡಿದಳು, ಬಣ್ಣ ಹತ್ತಿದ ನನ್ನ ಕೈಗಳನ್ನು ನೋಡಿದಳು. ಅವಳು ಹೊಡೆದರೆ ಒಳ್ಳೆಯದು ಅನ್ನಿಸಿತು. ಕಡೆಗೆ ಅವಳು ಹೇಳಿದ್ದು ಇಷ್ಟು: "ಹಗ್ಗದವರ ಬಾಜೂಕ ಚುರುಮುರಿ ಮಾರೋ ಮುದುಕಿ ಕುಂತಿತ್ತು. ಅಳಬ್ಯಾಡ ಅಂತ ಒಂದು ಬೊಗಸಿ ಕೊಟ್ಲು. ಅರ್ಧ ತಿಂದೆ. ಅರ್ಧ ನಿನಗಂತ ಲಂಗದ ಉಡ್ಯಾಗ ಕಟ್ಟಿಕೊಂಡೆ. ನೀ ಹಸದಿರ್ತಿ ಅಂತ. ಅದು ಮೆತ್ತಗಾಗಿ ನಾರೋತನಕ ಇಟ್ಟಕೊಂಡಿದ್ದೆ, ದ್ಯಾಮ."

ನಾನು ಅವಳ ಕಾಲ ಬಳಿ ಕೂತುಬಿಟ್ಟೆ. ಎಷ್ಟು ಹೊತ್ತು ಹಾಗಿದ್ದೆನೋ ತಿಳಿಯದು. ಅವಳ ಕೈ ನನ್ನ ತಲೆಯ ಮೇಲೆ ಬಂದು ಕೂತದ್ದು ಮಾತ್ರ ನೆನಪಿದೆ. ಒರಟು ಕೈ, ತುಂಬ ಕೆಲಸ ಮಾಡಿದ ಕೈ.

ಉಳಿದದ್ದನ್ನು ಅವಳೇ ಹೇಳಿದಳು. ಚುರುಮುರಿಯ ಮುದುಕಿಯ ಹೆಸರು ತಾಯವ್ವ. ನಿಂಬೆವ್ವನನ್ನು ಅವಳೇ ಸಾಕಿದಳು. ನಿಂಬೆವ್ವನಿಗಿಂತ ಮೊದಲೂ ಸಂತೆಯಲ್ಲಿ ಸಿಕ್ಕ ಮಕ್ಕಳಿದ್ದರು, ಆಮೇಲೂ ಸಿಕ್ಕರು, ಒಟ್ಟು ಹನ್ನೊಂದು. ಶಾಲೆಗೆ ಸೇರಿಸುವಾಗ ಮಾಸ್ತರು ಅಡ್ಡಹೆಸರು ಕೇಳಿದರೆ ತಾಯವ್ವ, "ಸಂತ್ಯಾಗ ಸಿಕ್ಕಾವು, ಸಂತಿ ಅಂತ ಬರಕೋರಿ," ಎಂದಳಂತೆ. "ನಾ ನಿಂಬೆವ್ವ ಸಂತಿ," ಎಂದಳು ನನ್ನ ತಂಗಿ. "ನನಗ ಮೂರು ಮಕ್ಕಳು. ಅವ್ರೂ ಸಂತಿನ. ನನ್ನ ಗಂಡನೂ ನಮ್ಮ ಹೆಸರ ಇಟ್ಟಕೊಂಡಾನ, ನಿಮ್ಮ ಮಂದಿ ಭಾಳ ಐತಿ, ನಂದಕ್ಕಿಂತ ಇದ ಚಲೋ ಅಂತ."

ಅಂಪವ್ವ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಿದ್ದಳು. ಕೈ ತೆಗೆದು, "ಲೇ," ಎಂದಳು, "ನಿನ್ನ ಹೆಸರು ನನ್ನ ಹೆಸರು ಒಂದ ಹೊಟ್ಟಿವು." ನಿಂಬೆವ್ವನಿಗೆ ಆ ಮಾತು ಅರ್ಥವಾಗಲಿಲ್ಲ. ಆದರೂ ಅಂಪವ್ವ ತಬ್ಬಿಕೊಂಡಾಗ ತಬ್ಬಿಸಿಕೊಂಡಳು.

ಶಿವಗಂಗವ್ವ ಹತ್ತಿರ ಬಂದಿದ್ದಳು. "ಆ ಹನ್ನೊಂದರಾಗ," ಎಂದಳು, "ಸೋಮಲಿಂಗ ಅಂತ ಒಬ್ಬಾಂವ..."

"ಸೋಮಣ್ಣ? ಗಲ್ಲದ ಮ್ಯಾಲ ಮಚ್ಚಿ ಇರಾಂವ? ಸೈಕಲ್ ರಿಪೇರಿ ಮಾಡ್ತಾನಲ್ಲ, ನಮ್ಮ ಮನಿಯಿಂದ ನಾಕನೇದು ಅವಂದ," ಎಂದಳು ನಿಂಬೆವ್ವ, ತೀರ ಸಹಜವಾಗಿ. ಶಿವಗಂಗವ್ವ ಅಲ್ಲೇ ಇದ್ದ ಕಂಬ ಹಿಡಿದುಕೊಂಡಳು. ಬಸಲಿಂಗವ್ವ ಅವಳನ್ನು ಹಿಡಿದುಕೊಂಡಳು. ಆಮೇಲೆ ಒಬ್ಬೊಬ್ಬರಾಗಿ ಹೆಸರು ಹೇಳತೊಡಗಿದರು, ಐವತ್ತು ವರ್ಷ ಊರು ನುಂಗಿಕೊಂಡಿದ್ದ ಹೆಸರುಗಳನ್ನು. ನಿಂಬೆವ್ವ ಒಂದೊಂದಕ್ಕೂ ಉತ್ತರ ಕೊಡುತ್ತ ಹೋದಳು. ಇದ್ದಾಳ. ಇದ್ದಾನ, ಮೊಮ್ಮಗ ಹುಟ್ಟ್ಯಾನ. ಅವ ಹೋದ ವರ್ಷ ತೀರಿಕೊಂಡ, ಚಲೋ ಮನಷ್ಯಾ. ಈ ಹೆಸರಿನಾಂವ ನನಗ ಗೊತ್ತಿಲ್ಲಬೇ. ಗೊತ್ತಿಲ್ಲ ಎಂದಾಗ ಆ ಮನೆಯವರು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಹಿಂದೆ ಸರಿದರು. ಎಲ್ಲರ ಹೆಸರಿಗೂ ಉತ್ತರ ಇರಲಿಲ್ಲ.

ಆ ಬಸ್ಸು ಊರಲ್ಲೇ ತಂಗಿತು. ನಿಂಬೆವ್ವ ನಮ್ಮ ಮನೆಯಲ್ಲಿ ಉಂಡಳು, ಹಿತ್ತಿಲ ಗೋಡೆಯ ಹತ್ತಿರ ಮಾತ್ರ ಹೋಗಲಿಲ್ಲ. ನಾನು ಕರೆಯಲೂ ಇಲ್ಲ. ಇಲ್ಲೇ ಇರು ಎಂದೆ. "ಮಕ್ಕಳು ಕಾಯ್ತಾವ," ಎಂದಳು. "ನೀನ ಬಾ, ನಮ್ಮ ಮನಿ ನೋಡುವಂತಿ."

ಬೆಳಿಗ್ಗೆ ಬಸ್ಸು ಹತ್ತಿದವರು ಹದಿನಾಲ್ಕು ಜನ. ಅಂಪವ್ವ ಬರಲಿಲ್ಲ. ಮಧ್ಯಾಹ್ನ ಯಾರಾದರೂ ಬಂದರೆ ಮನೆಯಲ್ಲಿ ಒಬ್ಬರು ಇರಬೇಕು ಎಂದಳು. ಬಸ್ಸು ಹೊರಡುವ ಹೊತ್ತಿಗೆ ಚೆನಮಲ್ಲಪ್ಪ ಗಂಟಿ ಕೋಲೂರುತ್ತ ಬಂದ. ಶಿವಗಂಗವ್ವ ಕೂತಿದ್ದ ಕಿಟಕಿಯ ಕೆಳಗೆ ನಿಂತು, ಅವಳ ಚಪ್ಪಲಿಯನ್ನು ಮೇಲಕ್ಕೆ ಚಾಚಿ, "ಬರಿಗಾಲಾಗ ಹೊಂಟಿ," ಎಂದ. ಅವಳು ತಗೊಂಡಳು. ಬಾ ಎಂದು ಕರೆಯಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಬಸ್ಸು ತಿರುವು ದಾಟುವವರೆಗೂ ಅವನು ಅಲ್ಲೇ ನಿಂತಿದ್ದ.

ಜಂಕ್ಷನ್ನಿನ ಆ ಓಣಿಗೆ ನಾವು ತಲುಪಿದ್ದು ಮಧ್ಯಾಹ್ನ. ಅದು ಈಗ ಸಂತಿಯವರ ಓಣಿ. ಬಾಗಿಲ ಮೇಲೆಲ್ಲ ಸಂತಿ, ಸಂತಿ, ಸಂತಿ. ಒಂದು ಸುಣ್ಣದಲ್ಲಿ, ಒಂದು ತಗಡಿನ ಮೇಲೆ, ಒಂದು ಶಾಲೆಯ ಮಗು ಸೊಟ್ಟಗೆ ಬರೆದದ್ದು. ನಾನು ಒಂದು ಗೋಡೆಗೆ ಅಂಗೈ ಒತ್ತಿ ನಿಂತೆ. ಏನೂ ಒಸರಲಿಲ್ಲ. ಉಪ್ಪಿಲ್ಲ, ಬಣ್ಣವಿಲ್ಲ, ನಾದವಿಲ್ಲ, ಬಿಸಿಲಿಗೆ ಕಾದ ಬರೀ ಗೋಡೆ. ಯಾವ ಗುರುತೂ ಯಾರ ಮೇಲೂ ಇಳಿಯದೆ, ಒಬ್ಬ ಮುದುಕಿ ಹೇಳಿದಳೆಂದು ಮಾತ್ರ, ಇಷ್ಟು ಜನ ಒಂದೇ ಹೆಸರಿನಲ್ಲಿ ಬಾಳುತ್ತಿದ್ದರು. ಹುಟ್ಟಿದಾಗಿನಿಂದ ಪವಾಡ ನೋಡಿಯೇ ಬೆಳೆದವನು ನಾನು. ಹಾಗೆ ಮೈ ಜುಮ್ಮೆಂದದ್ದು ಅವತ್ತೇ.

ನಾಲ್ಕನೆಯ ಮನೆಯ ಮುಂದೆ ಒಂದು ಸೈಕಲ್ಲು ತಲೆಕೆಳಗಾಗಿ ನಿಂತಿತ್ತು. ಅದರ ಪಕ್ಕದಲ್ಲಿ ಐವತ್ತು ದಾಟಿದ ಒಬ್ಬ ದಪ್ಪ ಮನುಷ್ಯ ಕೈಯ ಮಸಿ ತೊಳೆದುಕೊಳ್ಳುತ್ತಿದ್ದ. ಗಲ್ಲದ ಮೇಲೆ ಮಚ್ಚೆ. ನಿಂಬೆವ್ವ ಏನೋ ಹೇಳಲು ಹೋದಳು, ಶಿವಗಂಗವ್ವ ಅವಳ ತೋಳು ಹಿಡಿದು ತಡೆದಳು. ತಾನೊಬ್ಬಳೇ ಮುಂದೆ ಹೋಗಿ ಅವನೆದುರು ನಿಂತಳು. ಅವನು ತಲೆಯೆತ್ತಿ ಗುರುತಿಲ್ಲದ ಮುದುಕಿಯನ್ನು ನೋಡಿದ. ದಾರಿಯುದ್ದಕ್ಕೂ ಅವಳು ಏನೇನೋ ಮಾತು ಜೋಡಿಸಿಕೊಂಡಿದ್ದಳು, ತುಟಿ ಅಲ್ಲಾಡುವುದನ್ನು ನಾನು ನೋಡಿದ್ದೆ. ಒಂದೂ ಬರಲಿಲ್ಲ.

"ಊಟ ಆತೇನಪಾ?" ಎಂದಳು.

"ಇಲ್ಲಬೇ, ಈಗ ಕುಂದ್ರಾಂವ," ಎಂದ ಅವನು. ಅವಳ ಮುಖವನ್ನೇ ಇನ್ನೊಂದು ಗಳಿಗೆ ನೋಡಿದ. ಆಮೇಲೆ ಕೈ ಒರೆಸಿಕೊಳ್ಳುತ್ತ ಒಳಗಿನವರಿಗೆ, "ಇನ್ನೊಂದು ತಾಟು ಹಚ್ಚರಿ," ಎಂದು ಕೂಗಿ, ಬಾಗಿಲಿಂದ ಸರಿದು ಅವಳಿಗೆ ದಾರಿ ಬಿಟ್ಟ.